ಕಣಿವೆಯಲ್ಲಿ ಕೇಳಿಸಿದ ‘ರೀ’

ನನ್ನ ಗಂಡನಿಗೆ ಬೇರೆ ಯಾರೋ ಇದ್ದಾರೆ ಎಂದು ನನಗೆ ಮೊದಲು ಅನ್ನಿಸಿದ್ದು ಅವರು ಹೊಸ ಬೂಟು ತಂದ ದಿನ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ಪಕ್ಕ ವರ್ಷಗಟ್ಟಲೆ ದುಡಿದು ನಿವೃತ್ತರಾದ ಮನುಷ್ಯ. ಕೆಲಸದಲ್ಲಿ ಕೊಟ್ಟ ಕಪ್ಪು ಬೂಟನ್ನೇ ಮದುವೆಮನೆಗೂ ಹಾಕಿಕೊಂಡು ಬಂದು ನನ್ನ ಮಾನ ಕಳೆದವರು. ಅಂಥವರು ಒಂದು ಸಂಜೆ ನೀಲಿ ಪಟ್ಟಿಯ ಬೂಟು ಹಾಕಿಕೊಂಡು ಕನ್ನಡಿಯ ಮುಂದೆ ಒಂದೊಂದೇ ಕಾಲೆತ್ತಿ ನೋಡಿಕೊಳ್ಳುತ್ತಿದ್ದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ನಾನಂತೂ ಇರುವವಳಲ್ಲ. ಹಾಲಿನವನು ಎಂದಿಗಿಂತ ಜಾಸ್ತಿ ನಕ್ಕರೆ ಹಾಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುವವಳು ನಾನು. ಸಂಶಯ ನನ್ನ ಹುಟ್ಟುಗುಣ, ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ.

ಬೂಟಿನ ಹಿಂದೆಯೇ ಭಾನುವಾರಗಳು ಶುರುವಾದವು. ಬೆಳಕು ಹರಿಯುವ ಮೊದಲೇ ಎದ್ದು, ಸ್ನಾನ ಮಾಡಿ, ಚೀಲಕ್ಕೆ ಟವೆಲ್ಲು, ನೀರಿನ ಬಾಟಲಿ ತುರುಕಿಕೊಂಡು ಹೊರಟುಬಿಡುವರು. ನಮ್ಮ ಕಡೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ‘ದೂರ ಹೊಂಟೀರೇನು?’ ಎನ್ನಬೇಕು, ಅವರು ತಾವಾಗಿಯೇ ಊರಿನ ಹೆಸರು ಹೇಳಬೇಕು. ನಾನು ಬಾಗಿಲಲ್ಲಿ ನಿಂತು ಕ್ರಮಪ್ರಕಾರವೇ ಕೇಳಿದೆ.

“ದೂರ ಹೊಂಟೀರೇನ್ರಿ?”

“ಹೂಂ, ಇಲ್ಲೇ,” ಎಂದರು.

ದೂರ ಎಂದರೆ ಹೂಂ, ಆದರೆ ಇಲ್ಲೇ. ಇದೆಂಥ ಉತ್ತರ? ಮುಂದಿನ ಭಾನುವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಸತ್ಯನಾರಾಯಣಪೇಟೆಯ ನಮ್ಮ ಓಣಿಯ ತುದಿಯಲ್ಲಿ ಅವರ ಬೆನ್ನು ಮರೆಯಾಗುವ ತನಕ ನೋಡುತ್ತ ನಿಲ್ಲುತ್ತಿದ್ದೆ. ಸಂಜೆ ಬಂದಾಗ ಪ್ಯಾಂಟಿನ ತುದಿಗೆ ಹೊಳೆಯ ಕೆಸರು, ಮುಖದಲ್ಲಿ ಎಂಥದೋ ಹುರುಪು. ಸಿರುಗುಪ್ಪ ಕಡೆ ಹೊಳೆಯಲ್ಲಿ ನಡೆಯುವ ಬಳಗವೊಂದಿದೆ, ಅದರಲ್ಲಿ ಸೇರಿಕೊಂಡಿದ್ದೇನೆ ಎಂದು ಒಮ್ಮೆ ತಾವಾಗಿಯೇ ಹೇಳಿದರು. ನಡೆಯುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಬಳ್ಳಾರಿಯಲ್ಲಿ ರಸ್ತೆ ಇಲ್ಲವೇ?

ಆಮೇಲೆ ಒಂದೊಂದೇ ನನ್ನ ಕಣ್ಣಿಗೆ ಬೀಳತೊಡಗಿತು. ಫೋನು ಬಂದರೆ ಎತ್ತಿಕೊಂಡು ಮಾಳಿಗೆಗೆ ಹೋಗುತ್ತಾರೆ. ಟಿವಿ ನೋಡುವುದನ್ನು ಬಿಟ್ಟರು, ಸುದ್ದಿಯೆಲ್ಲ ಸುಳ್ಳು ಎಂದರು. ಬೀಗರು ಬಂದರೆ ನಕ್ಕಂತೆ ಮಾಡಿ ಎದ್ದುಹೋಗುತ್ತಾರೆ. ಮಂಚದಲ್ಲಿ ನಾನು ಮದುವೆಯಾದಾಗಿನಿಂದ ಮಲಗುತ್ತಿದ್ದ ಬದಿಯನ್ನು ಒಂದು ದಿನ ತಾವು ಹಿಡಿದು, ‘ನೀ ಆ ಕಡಿ ಮಲಗು’ ಎಂದರು. ಅವರು ಹೊಸದಾಗಿ ಹಿಡಿದ ಬದಿ ಬಾಗಿಲಿಗೆ ಹತ್ತಿರ. ಎದ್ದುಹೋಗಲು ಸಲೀಸು ಎಂದು ನಾನು ಅರ್ಥ ಮಾಡಿಕೊಂಡೆ.

ಎಲ್ಲಕ್ಕಿಂತ ನೋಯಿಸಿದ್ದು ನನ್ನ ಮಾತಿಗೆ ಬೆಲೆ ಇಲ್ಲದೆ ಹೋದದ್ದು. ಅಡುಗೆಮನೆಯಿಂದ ಏನು ಹೇಳಿದರೂ ಉತ್ತರವಿಲ್ಲ. ಎದುರಿಗೆ ಬಂದು ಹೇಳಿದರೆ ‘ಹೂಂ.’ ರಾಯಚೂರಿನಲ್ಲಿರುವ ಮಗಳಿಗೆ ಫೋನು ಮಾಡಿ, “ನಿಮ್ಮಪ್ಪ ನನ್ನ ಮಾತು ಕಿವಿಗೇ ಹಾಕ್ಕೊಳ್ಳಂಗಿಲ್ಲವ್ವ,” ಎಂದೆ. “ಯಾವಾಗ ಹಾಕ್ಕೊಂಡಿದ್ರು ಬಿಡು,” ಎಂದು ಆಕೆ ನಕ್ಕಳು. ನನಗೆ ನಗು ಬರಲಿಲ್ಲ. ಸರಿ, ಕೇಳದವರಿಗೆ ಹೇಳುವುದು ಯಾಕೆ ಎಂದು ನಾನೂ ಮಾತು ಕಡಿಮೆ ಮಾಡಿದೆ. ಹೇಳಬೇಕೆನಿಸಿದ್ದನ್ನೆಲ್ಲ ಒಲೆಯ ಮುಂದೆ ಗೊಣಗಿಕೊಂಡೆ. ಒಳಗೊಳಗೇ ನನಗೆ ಹೆದರಿಕೆ. ಕೂದಲು ನೆರೆತ ಮೇಲೆ, ಎಲ್ಲ ಜವಾಬ್ದಾರಿ ಮುಗಿದ ಮೇಲೆ, ಇನ್ನು ಇಬ್ಬರೇ ಆರಾಮಾಗಿರಬೇಕು ಎನ್ನುವ ಹೊತ್ತಿಗೆ ಈ ಮನುಷ್ಯ ನನ್ನನ್ನು ಬೇಡ ಎಂದುಬಿಟ್ಟರೆ?

ಸಂಕ್ರಾಂತಿ ಮುಗಿದ ವಾರ ನಾನು ಅವರ ಎದುರಿಗೆ ಹೋಗಿ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, “ಈ ಭಾನುವಾರ ನಾನೂ ಬರ್ತೀನಿ,” ಎಂದೆ.

ತಪ್ಪಿಸಿಕೊಳ್ಳಲು ಏನಾದರೂ ನೆಪ ಹೇಳುತ್ತಾರೆ ಎಂದುಕೊಂಡಿದ್ದೆ. “ನೀನು? ಹೊಳಿಗೆ? ಬಾ ಬಾ!” ಎಂದು ಮುಖ ಅರಳಿಸಿದರು. ಇಷ್ಟು ಸುಲಭಕ್ಕೆ ಒಪ್ಪಿದರೆಂದರೆ ಎಲ್ಲ ಮೊದಲೇ ಹೊಂದಿಸಿಟ್ಟಿರಬೇಕು ಎಂದು ನನಗೆ ಅದೂ ಒಂದು ಅನುಮಾನ.

ಭಾನುವಾರ ಮಗಳು ಬಿಟ್ಟುಹೋಗಿದ್ದ ಹಳೆಯ ಬೂಟನ್ನು ಸೀರೆಯ ಕೆಳಗೆ ಹಾಕಿಕೊಂಡು ಹೊರಟೆ. ಬಳಗದ ಟೆಂಪೊ ನಮ್ಮ ಓಣಿಯ ಹತ್ತಿರವೇ ಬಂತು. ಒಳಗಿದ್ದವರೆಲ್ಲ ನಮ್ಮ ವಯಸ್ಸಿನ ಆಸುಪಾಸಿನವರು. “ಅಕ್ಕಾರು ಬಂದ್ರಲ್ಲ!” ಎಂದು ಎಲ್ಲರೂ ಖುಷಿಪಟ್ಟರು. ನಾನು ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡಿದೆ. ಇದ್ದವರಿಬ್ಬರೂ ಗಂಡಂದಿರ ಜೊತೆ ಬಂದವರು, ಒಬ್ಬಾಕೆಯಂತೂ ಗಂಡನಿಗೆ ಮಂಕಿಟೊಪ್ಪಿಗೆ ಹಾಕು ಎಂದು ಬೈಯುತ್ತಿದ್ದಳು. ಸದ್ಯ, ಇವರಲ್ಲ.

ಕುರುಗೋಡಿನಲ್ಲಿ ಬೆಟ್ಟ ಎದುರಿಗೆ ಬರುತ್ತಿದ್ದಂತೆ ಟೆಂಪೊ ನಿಂತಿತು. ಹತ್ತಿದವಳು ಅಲ್ಲಿನ ಶಾಲೆಯ ಟೀಚರು, ಒಬ್ಬಳೇ. ಐವತ್ತರ ಒಳಗಿನ ವಯಸ್ಸು, ಚೂಡಿದಾರ, ತಲೆಗೆ ಬಿಸಿಲ ಟೊಪ್ಪಿಗೆ, ನಕ್ಕರೆ ಕೆನ್ನೆಯಲ್ಲಿ ಗುಳಿ. ಹತ್ತಿದವಳೇ ನನಗೆ ನಮಸ್ಕಾರ ಮಾಡಿದಳು, ನನ್ನ ಗಂಡನ ತೋಳು ಮುಟ್ಟಿ, “ಸರ್ರ, ಜರಾ ಆ ಕಡಿ ಸರೀರಿ,” ಎಂದಳು. ಇವರು ಮರುಮಾತಿಲ್ಲದೆ ಕಿಟಕಿಯ ಹತ್ತಿರ ಸರಿದರು. ಆಕೆ ಅವರ ಬಲಗಡೆಗೆ ಬಂದು ಕೂತು, ಮುಖವನ್ನು ಅವರ ಕಿವಿಯ ತನಕ ತಂದು ಏನೋ ಹೇಳಿದಳು. ಇವರು ನಕ್ಕರು.

ನನ್ನ ಮೈಯೆಲ್ಲ ಉರಿದುಹೋಯಿತು. ನನಗೆ ‘ಹೂಂ’ ಬಿಟ್ಟು ಬೇರೆ ಗತಿ ಇಲ್ಲ, ಆಕೆಗೆ ಹಲ್ಲು ಬಿಟ್ಟು ನಗು! ಹಿಂದಿನ ಸೀಟಿನಲ್ಲಿ ಕೂತು ಅವರಿಬ್ಬರ ತಲೆಗಳ ನಡುವಿನ ಅಂತರವನ್ನು ಸಿರುಗುಪ್ಪದ ತನಕ ನೋಡುತ್ತ ಬಂದೆ. ರಸ್ತೆಯ ಎರಡೂ ಕಡೆ ಹೊಸದಾಗಿ ನಾಟಿ ಮಾಡಿದ ಗದ್ದೆ, ಅಕ್ಕಿ ಗಿರಣಿಗಳ ಹೊಗೆ. ಅದನ್ನೆಲ್ಲ ನೋಡುವ ಮನಸ್ಸು ಯಾರಿಗಿತ್ತು?

ಸಿರುಗುಪ್ಪದಲ್ಲಿ ಎಲ್ಲರೂ ಇಳಿದು ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ತಿಂದರು. ಟೀಚರು ತನ್ನ ತಟ್ಟೆಯ ಒಂದು ಮಿರ್ಚಿಯನ್ನು ನನ್ನ ತಟ್ಟೆಗೆ ಹಾಕಿ, “ತಿನ್ರಿ ಅಕ್ಕಾರ, ಇಲ್ಲಿ ಮಿರ್ಚಿ ಭಾಳ ಫೇಮಸ್ಸು,” ಎಂದಳು. ಅಕ್ಕಾರ ಅಂತೆ! ಮಿರ್ಚಿ ಕೊಟ್ಟು ನನ್ನ ಬಾಯಿ ಮುಚ್ಚಿಸುವ ಯೋಚನೆ. ತಿಂದೆ, ಖಾರ ನೆತ್ತಿಗೇರಿತು, ಆದರೂ ಆಕೆ ಚಾಚಿದ ನೀರಿನ ಬಾಟಲಿ ಮುಟ್ಟಲಿಲ್ಲ.

ಕೆಂಚನಗುಡ್ಡದ ಹತ್ತಿರ ಟೆಂಪೊ ಬಿಟ್ಟು, ಹಳೆಯ ಕೋಟೆಯ ಕಲ್ಲುಗಳನ್ನು ಬಳಸಿಕೊಂಡು ಹೊಳೆಗೆ ಇಳಿದೆವು. ಚಳಿಗಾಲದಲ್ಲಿ ತುಂಗಭದ್ರೆ ತಗ್ಗಿರುತ್ತಾಳೆ. ಊರ ಕಡೆಯಿಂದ ನೋಡಿದರೆ ಅಗಲವಾಗಿ, ಸುಮ್ಮನೆ ಬಿದ್ದುಕೊಂಡಂತೆ ಕಾಣುವ ಹೊಳೆ ಅಲ್ಲಿಂದ ಮುಂದೆ ಬಂಡೆಗಳ ನಡುವೆ ಸೀಳಿಕೊಂಡು ಹೋಗುತ್ತದೆ. ಎರಡೂ ಕಡೆ ಆನೆ ಗಾತ್ರದ ಕಲ್ಲುಗಳು ಒಂದರ ಮೇಲೊಂದು ಕೂತು ಗೋಡೆಯಾಗಿವೆ. ಒಳಗೆ ಹೊಕ್ಕರೆ ಮೇಲೆ ಆಕಾಶದ ಒಂದು ಪಟ್ಟಿ, ಕೆಳಗೆ ನೀರು, ನಡುವೆ ಕಾಲಿಡಲು ಬಂಡೆಯ ಅಂಚು. ಆ ಕಣಿವೆಯ ಒಳಗೆ ನಡೆದು, ನಡುಮಧ್ಯದ ಮಡುವಿನ ಹತ್ತಿರ ಬುತ್ತಿ ಉಂಡು, ಆ ಕಡೆಯಿಂದ ಹೊರಬೀಳುವುದು ಅಂದಿನ ಕಾರ್ಯಕ್ರಮ.

ಅಲ್ಲಿ ಅರಣ್ಯದವರ ಬೋರ್ಡು ಇತ್ತು. ನೀರುನಾಯಿಗಳು ಇರುವ ಜಾಗ, ಗದ್ದಲ ಮಾಡಬಾರದು ಎಂದು ಬರೆದಿತ್ತು. ನಮ್ಮ ಮುಂದಾಳು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ದಪ್ಪ ಮೀಸೆಯ ಮನುಷ್ಯ. ಅವರು ಎಲ್ಲರನ್ನೂ ನಿಲ್ಲಿಸಿ ನನ್ನ ಕಡೆ ನೋಡುತ್ತ ನಿಯಮ ಹೇಳಿದರು.

“ನೋಡ್ರಿ ಅಕ್ಕಾರ, ಇಲ್ಲಿಂದ ಮಾತು ಬಂದ್. ಎಲ್ಲಾ ಕೈಸನ್ನಿ. ಮುಷ್ಟಿ ಎತ್ತಿದ್ರ ನಿಲ್ಲಬೇಕು. ಅಂಗೈ ಕೆಳಗ ಒತ್ತಿದ್ರ ಕುಂದರಬೇಕು. ಎರಡು ಬೆರಳು ಕಣ್ಣಿಗೆ ತೋರಿಸಿದ್ರ ನೋಡಬೇಕು. ಒಳಗ ನೀರಿನ ಸಪ್ಪಳ ಇರ್ತೈತಿ, ಅಲ್ಲಿ ಮಾತಾಡಿದ್ರೂ ಕೇಳ್ಸಂಗಿಲ್ಲ.”

ನೀರುನಾಯಿಗೋಸ್ಕರವಂತೆ. ಇಡೀ ದಿನದಲ್ಲಿ ಒಂದೂ ನೀರುನಾಯಿ ಕಾಣಲಿಲ್ಲ. ಕಂಡದ್ದು ಮರಳಿನಲ್ಲಿ ಒಂದಿಷ್ಟು ಹೆಜ್ಜೆಗುರುತು. ಅದೂ ನಾಯಿಯದೋ ನೀರುನಾಯಿಯದೋ ದೇವರೇ ಬಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ನನ್ನ ಗಂಡ ಆ ಸನ್ನೆಗಳಲ್ಲಿ ಎಂಥ ಪಳಗಿದ ಮನುಷ್ಯ! ಮುಂದಾಳಿನ ಮುಷ್ಟಿ ಮೇಲೇಳುವ ಮುಂಚೆಯೇ ನಿಂತಿರುತ್ತಿದ್ದರು. ಕೊಕ್ಕರೆ ಕಂಡರೆ ಎಲ್ಲರಿಗಿಂತ ಮೊದಲು ತೋರಿಸುತ್ತಿದ್ದರು. ಮನೆಯಲ್ಲಿ ಗಂಟುಮುಖ ಹಾಕಿಕೊಂಡು ಮೂಲೆಯಲ್ಲಿ ಪೇಪರು ಹಿಡಿದು ಕೂರುವವರು ಇಲ್ಲಿ ಹತ್ತು ವರ್ಷ ಚಿಕ್ಕವರಾಗಿದ್ದರು.

ಅವರಿಗೂ ಆ ಟೀಚರಿಗೂ ಮುಂದಾಳು ಹೇಳಿಕೊಡದ ಸನ್ನೆಗಳೂ ಇದ್ದವು. ಆಕೆ ತನ್ನ ಕಿವಿ ಮುಟ್ಟಿಕೊಂಡು ಹುಬ್ಬೇರಿಸುವಳು. ಇವರು ತಲೆಯಾಡಿಸಿ ನಗುವರು. ಆಕೆ ಹೆಬ್ಬೆರಳು ತೋರಿಸುವಳು. ಇವರೂ ತೋರಿಸುವರು. ಕಿವಿ ಮುಟ್ಟಿಕೊಳ್ಳುವುದೆಂದರೆ ಏನರ್ಥ? ಫೋನು ಮಾಡುತ್ತೇನೆ ಎಂದೋ? ‘ನಿನ್ನ ಹೆಂಡತಿಗೆ ಗೊತ್ತಾಯಿತೇ’ ಎಂದೋ? ನಾನು ಹಿಂದೆ ಹಿಂದೆ ನಡೆಯುತ್ತ ಆ ಎರಡು ಬೆನ್ನುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಬಾಯಿ ತೆರೆಯುವ ಹಾಗಿಲ್ಲ, ಜಗಳವಾಡುವ ಹಾಗಿಲ್ಲ, ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ?

ಕಣಿವೆ ಇಕ್ಕಟ್ಟಾದಂತೆ ನೀರಿನ ಸದ್ದು ಹೆಚ್ಚಾಯಿತು. ಒಂದು ತಿರುವಿನಲ್ಲಿ ಇಡೀ ಹೊಳೆ ಒಂದು ಸಂದಿನೊಳಗೆ ನುಗ್ಗಿ ಬೀಳುತ್ತದೆ. ಅಲ್ಲಿ ನಮ್ಮ ಉಸಿರು ನಮಗೇ ಕೇಳಿಸುವುದಿಲ್ಲ. ನನ್ನ ಗಂಡ ಮುಂದಾಳಿನ ಜೊತೆ ಮುಂದಿದ್ದರು, ಟೀಚರು ನಡುವೆ, ನಾನು ತಿರುವಿನ ಈಚೆ ಬಂಡೆ ಹಿಡಿದುಕೊಂಡು ಕಾಲು ಎಲ್ಲಿಡಲಿ ಎಂದು ನೋಡುತ್ತಿದ್ದೆ. ಆಗ ಆ ಗದ್ದಲವನ್ನೂ ಮೀರಿ ಹೆಂಗಸಿನ ದನಿಯೊಂದು ಬಂಡೆಗಳಿಗೆ ಬಡಿದು ಬಂತು.

“ರೀ...!”

ನಮ್ಮ ಮಾತಿನಲ್ಲಿ ‘ರೀ’ ಎಲ್ಲಕ್ಕೂ ಅಂಟಿಕೊಂಡಿರುತ್ತದೆ. ಬರ್ರೀ, ಕುಂದರ್ರೀ, ನೋಡ್ರೀ. ತರಕಾರಿಯವನಿಗೂ ಅದೇ ಮರ್ಯಾದೆ, ಸಾಹೇಬರಿಗೂ ಅದೇ. ಆದರೆ ಹಿಂದೆ ಮುಂದೆ ಏನೂ ಇಲ್ಲದೆ ಬರೀ ‘ರೀ’ ಎಂದು ಎಳೆದು ಕರೆದರೆ ಅದು ಒಬ್ಬರಿಗೇ. ಹೆಂಗಸು ಬಾಗಿಲಲ್ಲಿ ನಿಂತು ಹಾಗೆ ಕರೆದರೆ ಕಟ್ಟೆಯ ಮೇಲೆ ಕೂತ ಅಷ್ಟೂ ಗಂಡಸರಲ್ಲಿ ಒಬ್ಬನೇ ಎದ್ದು ಬರುತ್ತಾನೆ. ಅದು ಆ ಟೀಚರ ದನಿ. ಮತ್ತೆ ಬಂತು, “ರೀ...!” ನಾನು ಕತ್ತು ಚಾಚಿ ನೋಡಿದೆ. ನನ್ನ ಗಂಡ ಗಕ್ಕನೆ ನಿಂತರು, ತಿರುಗಿದರು, ಕಲ್ಲಿಂದ ಕಲ್ಲಿಗೆ ಹಾರುತ್ತ ವಾಪಸು ಓಡಿ ಬರತೊಡಗಿದರು!

ಅಯ್ಯ ಶಿವನೇ, ಮುಗಿಯಿತು ಎಂದುಕೊಂಡೆ. ಇಷ್ಟು ದಿನ ಒಳಗೆಲ್ಲೋ ಒಂದು ಮೂಲೆಯಲ್ಲಿ ‘ಇರಲಿಕ್ಕಿಲ್ಲ ಬಿಡು’ ಎನ್ನುವ ದನಿಯೊಂದಿತ್ತು, ಅದೂ ನಿಂತುಹೋಯಿತು. ಆಕೆ ಕರೆದಳು, ಇವರು ಓಡಿಬಂದರು.

ಇವರು ಟೀಚರ ಹತ್ತಿರ ಬಂದರು. ಆಕೆ ಕೈ ಚಾಚಿದಳು. ಇವರು ಆಕೆಯ ಮುಖವನ್ನೂ ನೋಡದೆ, ಪಕ್ಕಕ್ಕೆ ಸರಿಸಿ, ನೇರ ನನ್ನ ಹತ್ತಿರ ಬಂದರು. ಮೊಣಕಾಲು ತರಚಿ ಪ್ಯಾಂಟು ಹರಿದಿತ್ತು, ರಕ್ತ ಬರುತ್ತಿತ್ತು. ನನ್ನ ಎರಡೂ ಭುಜ ಹಿಡಿದುಕೊಂಡು ಕೂಗಿದರು.

“ಏನಾತು? ಬಿದ್ದೇನು? ಯಾಕ ಕರದಿ?”

“ನಾನ್ಯಾಕ ಕರೀಲಿ? ಕರದಾಕಿ ಅಲ್ಲೇ ನಿಂತಾಳ ನೋಡ್ರಿ!” ಎಂದು ನಾನೂ ಕೂಗಿದೆ.

“ಹೂಂ, ಹೂಂ,” ಎಂದು ನನ್ನ ಪಾದ ಹಿಡಿದು, ಬೂಟು ಬಿಚ್ಚಿ, ಉಳುಕಿದೆಯೇ ಎಂದು ನೋಡಿದರು. ಎಲ್ಲರೂ ಸುತ್ತ ನಿಂತಿದ್ದರು. ನನಗೆ ಆಗಲೂ ಹೊಳೆದದ್ದೇನು ಗೊತ್ತೇ? ಆಕೆ ಕರೆದದ್ದು ನನಗೂ ಕೇಳಿಸಿತೆಂದು ಗೊತ್ತಾಗಿ, ಸಿಕ್ಕಿಬಿದ್ದೆ ಎಂದು ನನ್ನ ಕಡೆಗೆ ಓಡಿಬಂದು ನಾಟಕ ಆಡುತ್ತಿದ್ದಾರೆ ಎಂದು. ಎಂಥ ಚಾಲಾಕಿ ಮನುಷ್ಯ ಎಂದು.

ಮಡುವಿನ ಹತ್ತಿರ ಹೋದಾಗ ಹೊಳೆ ಸದ್ದಿಲ್ಲದೆ ನಿಂತಿತ್ತು. ಬುತ್ತಿ ಬಿಚ್ಚಿದರು. ನಾನು ಕಟ್ಟಿಕೊಂಡು ಬಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ನಾನು ಬೇಕೆಂದೇ ಗಂಡನ ಪಕ್ಕ, ಬಂಡೆಗೆ ಒರಗಿದ ಅವರ ಎಡಗಡೆ ಕೂತೆ. ಉಳಿದವರು ದೂರದಲ್ಲಿದ್ದರು. ಇನ್ನು ತಡೆಯಲಾಗಲಿಲ್ಲ. ರೊಟ್ಟಿ ಮುರಿಯುತ್ತ, ತಲೆ ಎತ್ತದೆ, ಮೆಲ್ಲಗೆ ಕೇಳಿದೆ.

“ನಿಮಗ ಆಕಿ ಅಂದ್ರ ಭಾಳ ಸೇರ್ತಾಳೇನು?”

ಅವರು ಹೊಳೆಯ ಕಡೆ ನೋಡುತ್ತಲೇ, ಬಾಯಿ ತುಂಬ ನಗುತ್ತ, “ಹೂಂ, ಭಾಳ ಛಲೋ ಐತಿ. ಮೊದಲ ನಿನ್ನ ಕರಕೊಂಡು ಬರಬೇಕಿತ್ತು,” ಎಂದರು.

ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಸಿಟ್ಟು ನೆತ್ತಿಗೆ ಏರುವ ಮೊದಲು ಒಂದು ಮಾತು ಕಿವಿಗೆ ಚುಚ್ಚಿತು. ‘ಐತಿ’ ಎಂದರಲ್ಲ? ಹೆಂಗಸನ್ನು ಯಾರಾದರೂ ‘ಛಲೋ ಐತಿ’ ಎನ್ನುತ್ತಾರೆಯೇ? ‘ಛಲೋ ಅದಾಳ’ ಎನ್ನಬೇಕು. ಹೊಳೆಗೆ ಐತಿ, ಊಟಕ್ಕೆ ಐತಿ. ಕುರುಗೋಡಿನ ಟೀಚರಿಗೆ ಹೇಗೆ ‘ಐತಿ’ ಆಗುತ್ತದೆ?

ನನ್ನ ಸಂಶಯ ಅಲ್ಲಿಗೆ ದಾರಿ ಬದಲಿಸಿತು. ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಂತೆ ಮಾಡಿ, ತುಟಿ ಕಾಣದಂತೆ ಮರೆಮಾಡಿಕೊಂಡೇ, “ನಮ್ಮ ಮನಿ ಮಾಳಗಿ ಕುಸಿದು ಬಿದ್ದೈತಂತ,” ಎಂದೆ.

“ಹೂಂ, ಉಪ್ಪು ಸರಿ ಐತಿ,” ಎಂದರು.

ನಾನು ಎದ್ದು ಅವರ ಬಲಗಡೆ ಹೋಗಿ ಕೂತೆ. ಮುಖ ತಿರುಗಿಸಿಕೊಂಡು, ಸಣ್ಣ ದನಿಯಲ್ಲಿ, “ನೀರು ಬೇಕೇನ್ರಿ?” ಎಂದೆ. ಏನೂ ಇಲ್ಲ. ಸ್ವಲ್ಪ ದನಿ ಏರಿಸಿ ಮತ್ತೆ ಕೇಳಿದೆ. “ಕೊಡು,” ಎಂದು ಕೈ ಚಾಚಿದರು.

ಎದ್ದು ನೇರ ಟೀಚರ ಹತ್ತಿರ ಹೋಗಿ, ರಟ್ಟೆ ಹಿಡಿದು ಬಂಡೆಯ ಮರೆಗೆ ಎಳೆದುಕೊಂಡು ಹೋದೆ. ಆಕೆ ಹೆದರಿದಳು.

“ನಮ್ಮವರಿಗೆ ಏನಾಗೇತಿ? ಖರೇ ಹೇಳು.”

“ಅಯ್ಯ, ನಿಮಗ ಗೊತ್ತೈತಿ ಅನ್ಕೊಂಡಿದ್ನಿ ಅಕ್ಕಾರ!” ಎಂದಳು. “ಎಡಗಿವಿ ಪೂರಾ ಹೋಗೈತಿ. ಬಲಗಿವಿಯೊಳಗ ಸ್ವಲ್ಪ ಐತಿ. ಅದಕ್ಕ ನಾವೆಲ್ಲ ಬಲಗಡಿ ನಿಂತು ಮಾತಾಡ್ತೀವ್ರಿ. ಆಗೊಮ್ಮೆ ಈಗೊಮ್ಮೆ ‘ಕೇಳಿಸ್ತೇನ್ರಿ ಸರ್ರ’ ಅಂತ ಕಿವಿ ಮುಟ್ಟಿ ಕೇಳ್ತೀನಿ. ಇಲ್ಲಿ ಎಲ್ಲಾರಿಗೂ ಗೊತ್ತೈತ್ರಿ.”

“ಮತ್ತ ಆ ತಿರುವಿನ್ಯಾಗ ಯಾಕ ಕರದಿ ಅವರ್ನ?”

“ಅವರ್ನೆಲ್ಲಿ ಕರದೆ? ನೀವು ಪಾಚಿ ಮ್ಯಾಲೆ ಕಾಲಿಡಾಕ ಹತ್ತಿದ್ರಿ. ‘ನಿಲ್ರೀ ಅಕ್ಕಾರ, ಜಾರ್ತೈತ್ರೀ’ ಅಂತ ನಿಮಗ ಒದರಿದೆ!”

ಬಂಡೆಗಳು ಆಕೆಯ ಮಾತಿನ ತಲೆಯನ್ನೆಲ್ಲ ನುಂಗಿ ಬಾಲವನ್ನಷ್ಟೇ ನನಗೆ ಕೊಟ್ಟಿದ್ದವು. ನಾನು ಅಲ್ಲೇ ಕೂತೆ. ಇಲ್ಲಿ ಎಲ್ಲಾರಿಗೂ ಗೊತ್ತಂತೆ. ಅಕ್ಕಿ ಗಿರಣಿಯವರಿಗೆ ಗೊತ್ತು, ಮಂಕಿಟೊಪ್ಪಿಗೆಯವನಿಗೂ ಗೊತ್ತು, ಟೆಂಪೊ ಓಡಿಸುವವನಿಗೂ ಗೊತ್ತಿರಬೇಕು. ಒಂದೇ ಮಂಚದಲ್ಲಿ ಮಲಗುವ ನನಗೆ ಗೊತ್ತಿಲ್ಲ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಮಾಧಾನವಾಗಲಿಲ್ಲ, ಅವಮಾನವಾಯಿತು. ಬೇರೆ ಹೆಂಗಸು ಇದ್ದಿದ್ದರೆ ಅವಳ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇದಕ್ಕೆ ಯಾರ ಜುಟ್ಟು ಹಿಡಿಯಲಿ?

ಟೀಚರು ನನ್ನ ಪಕ್ಕ ಕೂತು, “ನನ್ನ ಮ್ಯಾಲೆ ಏನರ ಸಿಟ್ಟಾಗೀರೇನ್ರಿ?” ಎಂದಳು. “ಇಲ್ಲವ್ವ,” ಎಂದೆ. ಸುಳ್ಳು. ಇನ್ನೂ ಸ್ವಲ್ಪ ಇತ್ತು. ನನಗೆ ತಿಳಿಯಬೇಕಾದದ್ದು ಆಕೆಗೆ ಮೊದಲು ತಿಳಿದಿತ್ತಲ್ಲ.

ಗಂಡನ ಬಲಗಡೆ ಹೋಗಿ ಕೂತು, ಕಿವಿಯ ಹತ್ತಿರ ಬಾಯಿ ತಂದು, “ಯಾಕ ಮುಚ್ಚಿಟ್ಟ್ರಿ?” ಎಂದೆ. ಅವರು ನನ್ನ ಮುಖ ನೋಡಿದರು. ಗೊತ್ತಾಯಿತು ಅವರಿಗೆ. ಮೊಣಕಾಲಿನ ಗಾಯದ ಮೇಲಿನ ಮರಳು ತೆಗೆಯತೊಡಗಿದರು.

“ಟರ್ಬೈನ್ ಸಪ್ಪಳ,” ಎಂದರು. “ಕೆಲಸದಾಗ ಇದ್ದಾಗ ಗೊತ್ತಾಗಲಿಲ್ಲ. ಅಲ್ಲಿ ಯಾರಿಗೂ ಕೇಳ್ತಿದ್ದಿಲ್ಲ. ಮನಿಗೆ ಬಂದ ಮ್ಯಾಲೆ ಗೊತ್ತಾತು. ಮಾಳಗಿ ಮ್ಯಾಲೆ ಹೋಗಿ ಫೋನ್ ಸ್ಪೀಕರ್ ಹಾಕಿ ಮಾತಾಡಿದ್ರೂ ಅರ್ಧ ಬರ್ತೈತಿ. ಕಿವುಡ ಅಂದಕೂಡ್ಲೆ ಮಂದಿ ನಗ್ತಾರ. ನೀನೂ ನಗ್ತಿ ಅನಿಸ್ತು.”

“ಮತ್ತ ಈ ಹೊಳಿ?”

“ಇಲ್ಲಿ ಸನ್ನಿ ಮಾಡ್ತಾರ. ಆ ಸಂದಿನ್ಯಾಗ ಹೊಕ್ಕರ ಎಲ್ಲಾರೂ ಕಿವುಡರ. ಅಲ್ಲಿ ನಾ ಒಬ್ಬನ ಅಲ್ಲ.” ಹಾಗೆಂದು ನಕ್ಕರು. ನಾನು ನಗಲಿಲ್ಲ. ಮಂಚದಲ್ಲಿ ಜಾಗ ಯಾಕೆ ಬದಲಿಸಿದಿರಿ ಎಂದು ಕೇಳಿದೆ. ಅದನ್ನೂ ಕೇಳದೆ ಬಿಡುವವಳಲ್ಲ ನಾನು.

“ಬಲಗಿವಿ ನಿನ್ನ ಕಡಿ ಇರ್ಲಿ ಅಂತ.”

ನನಗೆ ಕಣ್ಣಲ್ಲಿ ನೀರು ಬಂತು. ಆದರೂ ಒಂದು ಮುಳ್ಳು ಉಳಿದಿತ್ತು. “ಆ ಗದ್ದಲದಾಗ ಏನ ಒದರಿದ್ರೂ ಕೇಳ್ಸಂಗಿಲ್ಲ. ಆಕಿ ಒದರಿದ್ದು ಹೆಂಗ ಕೇಳ್ತು ನಿಮಗ?”

“ಆಕಿ ಒದರಿದ್ಲೇನು? ‘ರೀ’ ಅಂದದ್ದು ಕೇಳ್ತು. ನನ್ನ ಇನ್ಯಾರು ಹಂಗ ಕರೀತಾರ? ನೀ ಬಿದ್ದಿ ಅನ್ಕೊಂಡೆ,” ಎಂದರು.

ಉಳಿದ ಕಣಿವೆಯನ್ನು ಹೇಗೆ ದಾಟಿದೆನೋ ನೆನಪಿಲ್ಲ. ಅವರ ಬಲಗಡೆ ನಡೆಯಲು ನೋಡಿದೆ. ಬಂಡೆಯ ಅಂಚು ಇಬ್ಬರಿಗೆ ಸಾಲದೆ ಒಮ್ಮೆ ನೀರಿಗೆ ಬೀಳುವುದರಲ್ಲಿದ್ದೆ. ಮುಂದಾಳು ಮುಷ್ಟಿ ಎತ್ತಿ ಎತ್ತಿ ಸೋತುಹೋದರು.

ವಾಪಸು ಹೊರಟಾಗ ಬಿಸಿಲು ಇಳಿದಿತ್ತು. ಟೀಚರು ತಾನಾಗಿಯೇ ಹಿಂದಿನ ಸೀಟಿಗೆ ಹೋದಳು. ನಾನು ಗಂಡನ ಬಲಗಡೆ ಕೂತೆ. ಸಿರುಗುಪ್ಪ ದಾಟಿ ಗದ್ದೆಗಳು ಶುರುವಾದ ಮೇಲೆ ಅವರು ನನ್ನ ಕಡೆ ತಿರುಗಿದರು. ತಮ್ಮ ದನಿಯ ಅಳತೆ ಅವರಿಗೆ ಸಿಗುವುದಿಲ್ಲ. ಗುಟ್ಟಾಗಿ ಹೇಳುತ್ತಿದ್ದೇನೆ ಎಂದುಕೊಂಡು ಇಡೀ ಟೆಂಪೊಗೆ ಕೇಳಿಸುವಂತೆ ಹೇಳಿದರು.

“ನನಗೂ ಒಂದು ಸಂಶಯ ಇತ್ತು ನೋಡು. ನೀ ನನ್ನ ಜೋಡಿ ಮಾತು ಬಿಟ್ಟೀದಿ ಅನ್ಕೊಂಡಿದ್ದೆ. ಒಲಿ ಮುಂದ ನಿನ್ನ ಬಾಯಿ ಆಡತಿತ್ತು, ದನಿ ಬರ್ತಿದ್ದಿಲ್ಲ. ನಾ ಹತ್ರ ಬಂದ್ರ ಬಾಯಿ ಮುಚ್ಕೊಂತಿದ್ದಿ. ನಿನಗ ನಾ ಬ್ಯಾಸರಾಗೀನಿ ಅಂತ ತಿಳಕೊಂಡೆ.”

ಎಲ್ಲರೂ ಕಿಟಕಿಯ ಹೊರಗೆ ನೋಡತೊಡಗಿದರು. ನನಗೆ ನಾಚಿಕೆ, ದುಃಖ, ಸಿಟ್ಟು ಮೂರೂ ಒಟ್ಟಿಗೆ ಬಂದವು. ಇಷ್ಟು ದಿನ ಒಂದೇ ಸೂರಿನ ಕೆಳಗೆ ಇವರು ನನ್ನ ಮೇಲೆ, ನಾನು ಇವರ ಮೇಲೆ ಕಣ್ಣಿಟ್ಟು ಕೂತಿದ್ದೆವಲ್ಲ! ಯಾರು ಬೇಕಾದರೂ ಕೇಳಿಸಿಕೊಳ್ಳಲಿ ಎಂದು ಅವರ ಕಿವಿಗೆ ಬಾಯಿಟ್ಟು, ಗಂಟಲು ಬಿಚ್ಚಿ ಹೇಳಿದೆ.

“ಬ್ಯಾಸರ ಆಗಿಲ್ರೀ! ನೀವು ಬಿಟ್ಟು ಹೋಗ್ತೀರಿ ಅಂತ ಹೆದರಿದ್ದೆ!”

“ಹೂಂ,” ಎಂದರು.

ಆ ‘ಹೂಂ’ ನನಗೆ ನಂಬಿಕೆ ಬರಲಿಲ್ಲ. ಎಷ್ಟು ‘ಹೂಂ’ ನೋಡಿದ್ದೇನೆ! ಅವರ ಗದ್ದ ಹಿಡಿದು ನನ್ನ ಕಡೆ ತಿರುಗಿಸಿಕೊಂಡು, “ಏನಂದೆ ಹೇಳ್ರಿ ನೋಡೋಣ,” ಎಂದೆ.

ಅವರು ನನ್ನ ತುಟಿಗಳನ್ನೇ ನೋಡಿದರು. ಆಮೇಲೆ, ಟೆಂಪೊದಲ್ಲಿದ್ದ ಅಷ್ಟೂ ಮಂದಿಗೆ ಕೇಳಿಸುವ ದನಿಯಲ್ಲಿ, “ನಾ ಬಿಟ್ಟು ಹೋಗ್ತೀನಿ ಅಂತ ಹೆದರಿದ್ದಿ ಅಂದಿ,” ಎಂದರು.